ಬಿಳಿ ಬಾಗಿಲಿಗೆ ಕಪ್ಪು ಹಿಡಿ

ನಿರ್ಮಲೆಗೆ ಬೇಕಾಗಿದ್ದುದು ಒಂದೇ: ಅಡುಗೆಮನೆಗೆ ವಾಪಸು ಹೋಗುವುದು. ಚಂದ್ರನ ಮೇಲೆ ಹೋಗುತ್ತೇನೆ ಎಂದಿದ್ದರೂ ಗಂಡ ವೆಂಕಟರಮಣ ಅಷ್ಟು ಗಾಬರಿಯಾಗುತ್ತಿರಲಿಲ್ಲವೇನೋ. ತಿರುವನಂತಪುರದಲ್ಲಿ ರಾಕೆಟ್ಟಿನ ಕೆಲಸದಲ್ಲಿದ್ದ ಮನುಷ್ಯ, ಅದರ ಲೆಕ್ಕವಾದರೂ ಅವನಿಗೆ ಗೊತ್ತಿತ್ತು.

ಅವನು ಅವಳನ್ನು ಒಲೆಯಿಂದ ದೂರವಿಟ್ಟದ್ದಕ್ಕೆ ಕಾರಣವಿತ್ತು. ನಲವತ್ತು ದಾಟುವ ಹೊತ್ತಿಗೆ ನಿರ್ಮಲೆಯ ಕಣ್ಣು ಮಸುಕಾಗತೊಡಗಿತು. ಒಂದು ಬೆಳಿಗ್ಗೆ ಕುದಿಯುವ ಸಾರಿನ ಪಾತ್ರೆಯನ್ನು ಒಲೆಯಿಂದ ಇಳಿಸಿ, ಕಟ್ಟೆಯ ಮೇಲೆ ಇಡುತ್ತಿದ್ದೇನೆಂದುಕೊಂಡು ಗಾಳಿಯಲ್ಲಿ ಇಟ್ಟುಬಿಟ್ಟಳು. ಎರಡೂ ಪಾದ ಸುಟ್ಟವು. ಮರುವಾರವೇ ತಂಗಮಣಿ ಎಂಬ ಹೆಂಗಸು ಅವರಿದ್ದ ಸರ್ಕಾರಿ ಕ್ವಾರ್ಟರ್ಸಿಗೆ ಅಡುಗೆಗೆ ಬಂದಳು.

ತಂಗಮಣಿ ಒಳ್ಳೆಯವಳೇ. ಅವಳ ಕೈರುಚಿಯೂ ಒಳ್ಳೆಯದೇ. ಮಗಳು ಪಾವನಾ ಬೆರಳು ಚೀಪಿಕೊಂಡು, ಮಲಯಾಳದಲ್ಲಿ ಅಕ್ಕನೆಂದು ಕರೆದು, "ಚೇಚ್ಚೀ, ಸೂಪರ್" ಎನ್ನುತ್ತಿದ್ದಳು; ಹೊಟ್ಟೆಯಲ್ಲಿ ಹುಟ್ಟಿದ ಮಕ್ಕಳಿಗೆ ನಾಲಿಗೆಯ ವಿಷಯದಲ್ಲಿ ನಿಷ್ಠೆ ಎಂಬುದಿಲ್ಲ. ನಿರ್ಮಲೆ ನಡುಮನೆಯ ಬೆತ್ತದ ಕುರ್ಚಿಯಲ್ಲಿ ಕೂತು ಒಳಗಿನ ಸಾಸಿವೆ ಸಿಡಿಯುವುದನ್ನು ಕೇಳುತ್ತಿದ್ದಳು. ಈಗ ಕರಿಬೇವು ಹಾಕಬೇಕು ಎಂದುಕೊಳ್ಳುತ್ತಿದ್ದಳು. ಒಳಗೆ ಕರಿಬೇವು ತಡವಾಗಿ ಬೀಳುತ್ತಿತ್ತು, ಇಲ್ಲವೇ ಬೀಳುತ್ತಲೇ ಇರಲಿಲ್ಲ. ಮಡಿಲಲ್ಲಿದ್ದ ಅವಳ ಬೆರಳುಗಳು ತಮ್ಮಷ್ಟಕ್ಕೆ ತಾವೇ ಇಂಗು ಚಿವುಟುತ್ತಿದ್ದವು. ತಮ್ಮೂರು ಮೈಸೂರಿನ ಸಾರು ಉಣ್ಣಬೇಕೆಂಬ ಆಸೆಯಲ್ಲ ಅದು. ಸಾರು ಮಾಡಬೇಕೆಂಬ ಆಸೆ. ಯಾರಾದರೂ ಮಾಡಿ ಬಡಿಸಿದರೆ ತೀರುವಂಥದ್ದಲ್ಲ.

ತೊಂಬತ್ತಾರನೇ ಇಸವಿಯಲ್ಲಿ ಅವರು ತಿರುವನಂತಪುರದ ಶ್ರೀಕಾರ್ಯ ಎಂಬ ಬಡಾವಣೆಯಲ್ಲಿ ಸ್ವಂತ ಮನೆ ಕಟ್ಟಿಸುತ್ತಿದ್ದಾಗ ವೆಂಕಟರಮಣ ಅವಳನ್ನು ಕೊಚ್ಚಿಯ ದೊಡ್ಡ ಕಣ್ಣಿನ ಡಾಕ್ಟರರ ಹತ್ತಿರ ಕರೆದುಕೊಂಡು ಹೋದ. ಡಾಕ್ಟರು ಬಹಳ ಹೊತ್ತು ಪರೀಕ್ಷಿಸಿ, ಕಣ್ಣಿನ ಪರದೆ ಸವೆಯುತ್ತಿದೆ, ಔಷಧಿಯಿಲ್ಲ, ಇನ್ನೊಂದೆರಡು ವರ್ಷ ಹೀಗೇ ನಡೆಯಬಹುದು ಎಂದರು. ಆಮೇಲೆ ಏನು ಎಂದು ಇವರು ಕೇಳಲಿಲ್ಲ, ಅವರು ಹೇಳಲಿಲ್ಲ.

ಕೊಚ್ಚಿಯಲ್ಲೇ ಪಾಲಾರಿವಟ್ಟಂ ಎಂಬಲ್ಲಿ ಊಟ ಮುಗಿಸಿ ಹೊರಬಂದಾಗ ಎದುರಿಗೆ ಒಂದು ಗಾಜಿನ ಅಂಗಡಿಯಿತ್ತು. ಅಡುಗೆಮನೆಯನ್ನೇ ರೆಡಿಮೇಡ್ ಮಾಡಿ ನಿಲ್ಲಿಸಿದ್ದರು. ಆ ಕಾಲಕ್ಕೆ ಅದು ನೋಡುವಂಥ ತಮಾಷೆ. ರೈಲಿಗೆ ಇನ್ನೂ ಹೊತ್ತಿತ್ತು. ವೆಂಕಟರಮಣ ಸುಮ್ಮನೆ ಒಳಗೆ ನುಗ್ಗಿದ. ನಿರ್ಮಲೆ ಅವನ ತೋಳು ಹಿಡಿದು ಹಿಂದೆ ಬಂದವಳು ನಡುವೆ ನಿಂತುಬಿಟ್ಟಳು.

"ರೀ, ಅಲ್ಲಿ ಕಪ್ಪಗೆ ಅಡ್ಡಗೆರೆ ಎಳೆದ ಹಾಗಿದೆಯಲ್ಲ, ಅದು ಹ್ಯಾಂಡಲ್ಲಾ?"

ಬಿಳಿ ಸನ್ಮೈಕಾದ ಕಬೋರ್ಡ್ ಬಾಗಿಲುಗಳಿಗೆ ಕಪ್ಪು ಹಿಡಿ ಹಾಕಿದ್ದರು. ಅವನು ಹೌದು ಎನ್ನುವುದರೊಳಗೆ ಅವಳು ಅವನ ತೋಳು ಬಿಟ್ಟು ನಡೆದು, ನೇರವಾಗಿ ಹಿಡಿಯ ಮೇಲೆ ಕೈಯಿಟ್ಟು ಎಳೆದಳು. ಪಕ್ಕದ್ದನ್ನು ಎಳೆದಳು. ಕೆಳಗಿನ ಡ್ರಾಯರ್ ಎಳೆದಳು. ತಡವರಿಸದೆ ಅವಳು ಏನನ್ನಾದರೂ ಮುಟ್ಟಿದ್ದನ್ನು ವೆಂಕಟರಮಣ ಎಷ್ಟೋ ಕಾಲದಿಂದ ನೋಡಿರಲಿಲ್ಲ. ಅಂಗಡಿಯವನು ಮಾತ್ರ ಇವಳು ಇಡೀ ಅಡುಗೆಮನೆಯನ್ನೇ ಕೊಳ್ಳುವವಳೆಂದು ಹಲ್ಲು ಕಿಸಿದು ಓಡಿಬಂದ.

"ಇದು ನಂಗೆ ಕಾಣ್ಸುತ್ತೆ ರೀ. ಶ್ರೀಕಾರ್ಯದ ಮನೆಗೆ ಇದೇ ಹಾಕ್ಸಿ. ನಾನೇ ಅಡುಗೆ ಮಾಡ್ತೀನಿ."

"ಸರಿ."

"ಸರಿ ಅಂದ್ರೆ?"

"ಸರಿ ಅಂದ್ರೆ ಮಾತು ಕೊಟ್ಟೆ ಕಣೇ."

ಆ ಅಂಗಡಿಯವರು ಬರೀ ಹಿಡಿ ಮಾರುವುದಿಲ್ಲ ಎಂದರು. ಹಾಗಾಗಿ ಮುಂದಿನ ಭಾನುವಾರ ಇಬ್ಬರೂ ತಿರುವನಂತಪುರದ ಪೇಟೆ ಚಾಲೈ ಬೀದಿಯ ಹಾರ್ಡ್‌ವೇರ್ ಅಂಗಡಿಗಳನ್ನು ಹತ್ತಿಳಿದರು. "ಕರುಪ್ಪೋ? ಅಡುಕ್ಕಳಯಿಲೋ?" ಅಡುಗೆಮನೆಗೆ ಕಪ್ಪೇ ಎಂದು ಒಬ್ಬ ಹುಬ್ಬೇರಿಸಿದ. "ವೇಂಡ ಸಾರೇ, ನಲ್ಲ ಪಿತ್ತಳ ಉಂಡು" ಎಂದು ಇನ್ನೊಬ್ಬ ಕಪ್ಪನ್ನು ಬೇಡವೆನ್ನಿಸಿ ಫಳಫಳ ಹೊಳೆಯುವ ಹಿತ್ತಾಳೆ ಹಿಡಿಗಳ ಪೆಟ್ಟಿಗೆ ಬಿಚ್ಚಿದ. ಕಪ್ಪು ಎಂದರೆ ಕಪ್ಪು ಅಂದುಕೊಂಡಿದ್ದ ವೆಂಕಟರಮಣನಿಗೆ ಅಂದು ಜ್ಞಾನೋದಯವಾಯಿತು. ಹೊಳೆಯುವ ಕಪ್ಪು ಟ್ಯೂಬ್‌ಲೈಟ್ ಬಿದ್ದರೆ ಬಿಳಿಯಾಗುತ್ತದೆ. ಸಪೂರವಾದದ್ದು ಕರಗಿಹೋಗುತ್ತದೆ. ಗುಂಡಗಿನದು ಬಾಗಿಲ ಮೇಲೆ ಕೂತ ಜಿರಳೆಯ ಹಾಗೆ ಕಾಣುತ್ತದೆ. ಅವನು ಒಂದೊಂದನ್ನೇ ತನ್ನ ಬಿಳಿ ಷರಟಿನ ಎದೆಗೆ ಒತ್ತಿ ಹಿಡಿದು ಅಂಗಡಿಯ ಬಾಗಿಲಲ್ಲಿ ನಿಲ್ಲುವುದು, ಅವಳು ಒಳಗಿನಿಂದ "ಇಲ್ಲ" ಎನ್ನುವುದು. ಬೀದಿಯವರು ನಕ್ಕರು. ನಗಲಿ ಬಿಡಿ. ಕೊನೆಗೆ ಹೊಳಪಿಲ್ಲದ, ಅಂಗೈ ಅಗಲದ ದಪ್ಪ ಹಿಡಿಯೊಂದನ್ನು ಎದೆಗಿಟ್ಟಾಗ ಅವಳು ದೂರದಿಂದಲೇ ಬಂದು ಅದನ್ನು ಸರಿಯಾಗಿ ಹಿಡಿದುಕೊಂಡಳು, ಅವನ ಷರಟಿನ ಸಮೇತ.

ಗೃಹಪ್ರವೇಶಕ್ಕೆ ಮೈಸೂರಿನಿಂದ ವೆಂಕಟರಮಣನ ಅಕ್ಕ ಕಾಮಾಕ್ಷಮ್ಮ ಬಂದರು. ತಮ್ಮನನ್ನು ಎತ್ತಿ ಆಡಿಸಿದವರು, ಈಗಲೂ ಪೂರ್ತಿ ಕೆಳಗಿಳಿಸಿರಲಿಲ್ಲ. ನಿರ್ಮಲೆಯ ಕಣ್ಣಿನ ವಿಷಯ ಅವರಿಗೆ ಗೊತ್ತಿರಲಿಲ್ಲ. ಹೇಳಬೇಡಿ ಎಂದು ಅವಳೇ ಗಂಡನ ಬಾಯಿಗೆ ಬೀಗ ಹಾಕಿದ್ದಳು. ಗೊತ್ತಾದರೆ ಅತ್ತಿಗೆ ಅಡುಗೆಮನೆಯ ಹತ್ತಿರ ಸುಳಿಯಗೊಡುವುದಿಲ್ಲ ಎಂಬ ಭಯ ಅವಳಿಗೆ. ಹಿಂದಿನ ದಿನ ಹೊಸ ಮನೆಯಲ್ಲಿ ನಿಂತು ಅಭ್ಯಾಸ ಮಾಡಿಯೂ ಬಂದಿದ್ದಳು: ಈ ಹಿಡಿ ಎಳೆದರೆ ಹಾಲಿನ ಪಾತ್ರೆ, ಆ ಹಿಡಿ ಎಳೆದರೆ ಲೈಟರ್. ಕ್ವಾರ್ಟರ್ಸಿಗೆ ಮರಳಿ ಖುಷಿಯಲ್ಲಿ ಸರಿಯಾಗಿ ಊಟವನ್ನೂ ಮಾಡಲಿಲ್ಲ.

ಅದೇ ಸಂಜೆ ಹೊಸ ಮನೆಗೆ ಹೋದ ಕಾಮಾಕ್ಷಮ್ಮ ಕಪ್ಪು ಹಿಡಿಗಳನ್ನು ನೋಡಿ ಹೌಹಾರಿದರು. ಹಾಲುಕ್ಕಿಸುವ ಜಾಗದಲ್ಲಿ ಕಪ್ಪೇ? ತಮ್ಮನ ಹತ್ತಿರ ಜಗಳ ತೆಗೆಯಲು ಮನಸ್ಸಾಗಲಿಲ್ಲ. ಒಂದು ಹಳೆಯ ಪಂಚೆ ಹರಿದು, ಅರಿಸಿನದ ನೀರಿನಲ್ಲಿ ಅದ್ದಿ, ಒಂದೊಂದು ಹಿಡಿಗೂ ಕಂಕಣದ ಹಾಗೆ ಸುತ್ತಿ ಗಂಟು ಹಾಕಿದರು. ದೋಷವೂ ಮುಚ್ಚಿತು, ತಮ್ಮನ ಮನಸ್ಸೂ ಉಳಿಯಿತು ಎಂದು ನೆಮ್ಮದಿಯಾಗಿ ಮಲಗಿದರು.

ಬೆಳಿಗ್ಗೆ ನಿರ್ಮಲೆ ಬಲಗಾಲಿಟ್ಟು ಅಡುಗೆಮನೆಗೆ ಬಂದಳು. ಹಿಂದೆ ಕ್ವಾರ್ಟರ್ಸಿನ ಹೆಂಗಸರೆಲ್ಲ ನಿಂತಿದ್ದರು. "ಹಾಲುಕ್ಕಿಸಿ ತಾಯಿ" ಎಂದರು ಪುರೋಹಿತರು. ಅವಳು ತಿರುಗಿದಳು. ಗೋಡೆಯುದ್ದಕ್ಕೂ ಬರೀ ಬಿಳಿ. ಒಂದು ಗೆರೆಯಿಲ್ಲ. ತಪ್ಪು ಮನೆಗೆ ಬಂದೆನೇ ಎಂದುಕೊಂಡಳು. ಕೈ ಚಾಚಿದಳು, ನುಣ್ಣಗಿನ ಸನ್ಮೈಕಾದ ಮೇಲೆ ಅಂಗೈ ಜಾರಿತು. ಮತ್ತೆ ಚಾಚಿದಳು.

"ಅಲ್ಲೇ ಇದೆಯಲ್ಲೇ, ಕಣ್ಣೆದುರಿಗೇ," ಎಂದರು ಕಾಮಾಕ್ಷಮ್ಮ.

ನಿರ್ಮಲೆಯ ಬೆರಳು ಕಟ್ಟೆಯ ಮೇಲೆ ತೆವಳುತ್ತ ಉರಿಯುವ ದೀಪದ ಹತ್ತಿರ ಹೋಯಿತು. ಕಾಮಾಕ್ಷಮ್ಮ ತಟ್ಟನೆ ಅವಳ ಮಣಿಕಟ್ಟು ಹಿಡಿದರು, ಮುಖ ನೋಡಿದರು.

"ನಿರ್ಮಲಾ, ನಿನ್ನ ಕಣ್ಣು..."

"ಕಾಣ್ಸಲ್ಲ ಅತ್ತಿಗೆ. ಆ ಕಪ್ಪು ಒಂದು ಕಾಣಿಸ್ತಿತ್ತು."

ಕಾಮಾಕ್ಷಮ್ಮ ಅತ್ತುಬಿಟ್ಟರು. ನಾಟಕದ ಅಳುವಲ್ಲ, ಆ ಹೆಂಗಸಿಗೆ ಪ್ರೀತಿಯಿತ್ತು. ಆದರೆ ಪ್ರೀತಿ ಇದ್ದವರ ಕೈಯಿಂದ ತಪ್ಪಿಸಿಕೊಳ್ಳುವುದು ಬಹಳ ಕಷ್ಟ. ಅವರು ಅವಳನ್ನು ಮಗುವಿನಂತೆ ನಡೆಸಿಕೊಂಡು ಹೋಗಿ ನಡುಮನೆಯ ಕುರ್ಚಿಯಲ್ಲಿ ಕೂರಿಸಿ, "ಇನ್ನು ನೀನು ಒಲೆ ಹತ್ರ ಬರಕೂಡದು" ಎಂದು ಕೆನ್ನೆ ಸವರಿ ಒಳಗೆ ಹೋದರು. ನಿರ್ಮಲೆ ಹೊಸ ರೇಷ್ಮೆ ಸೀರೆಯಲ್ಲಿ ಕೈಕಟ್ಟಿ ಕೂತು ಕೇಳಿದಳು. ಲೈಟರ್ ಟಕ್ಕೆಂದಿತು. ಸ್ವಲ್ಪ ಹೊತ್ತಿಗೆ ಚುರ್ ಎಂದಿತು. "ಉಕ್ಕಿತು, ಉಕ್ಕಿತು" ಎಂದು ಎಲ್ಲರೂ ಕೂಗಿದರು. ಅವಳ ಮನೆಯ ಮೊದಲ ಹಾಲು ಬೇರೆಯವರ ಕೈಯಲ್ಲಿ ಉಕ್ಕಿತು. ಅವಳಿಗೆ ಸತ್ತುಹೋಗಬೇಕು ಅನ್ನಿಸಿತು.

ಹೊರಡುವ ಮುನ್ನ ಕಾಮಾಕ್ಷಮ್ಮ ತಂಗಮಣಿಯನ್ನೇ ಈ ಮನೆಗೂ ಗೊತ್ತು ಮಾಡಿ, ನಿರ್ಮಲೆಯನ್ನು ಒಲೆಗೆ ಬಿಡುವುದಿಲ್ಲವೆಂದು ತಮ್ಮನಿಂದ ಆಣೆ ಮಾಡಿಸಿಕೊಂಡರು. ಅಕ್ಕ ಹೇಳಿದ್ದಕ್ಕೆ ತಲೆಯಾಡಿಸದೆ ಇದ್ದು ಅವನಿಗೆ ಅಭ್ಯಾಸವಿರಲಿಲ್ಲ.

ವೆಂಕಟರಮಣ ಅವರನ್ನು ರೈಲು ಹತ್ತಿಸಿ ಬಂದಾಗ ಮಧ್ಯಾಹ್ನ. ನಿರ್ಮಲೆ ಅಡುಗೆಮನೆಯ ನೆಲದಲ್ಲಿ ಕೂತು ಒಂದು ಹಿಡಿಯ ಬಟ್ಟೆಯನ್ನು ಹಲ್ಲಿನಿಂದ ಬಿಚ್ಚಲು ನೋಡುತ್ತಿದ್ದಳು. ಅರಿಸಿನ ಒಣಗಿ ಗಂಟು ಕಲ್ಲಾಗಿತ್ತು. ತುಟಿಯೆಲ್ಲ ಹಳದಿ.

"ಏನು ಮಾಡ್ತಿದೀಯ? ಅಕ್ಕನಿಗೆ ಮಾತು ಕೊಟ್ಟಿದೀನಿ ಕಣೇ," ಎಂದ ವೆಂಕಟರಮಣ.

"ನಂಗೆ ಮೊದಲು ಕೊಟ್ಟಿದ್ರಿ. ಒಂದೆರಡು ವರ್ಷ ಅಂದ್ರಲ್ಲ ಡಾಕ್ಟ್ರು. ಅದನ್ನೂ ಕುರ್ಚಿ ಮೇಲೆ ಕಳೀಲಾ?"

ಅವನು ಷೇವಿಂಗ್ ಬ್ಲೇಡು ತಂದು ಅವಳ ಪಕ್ಕದಲ್ಲಿ ಕೂತು ಒಂದೊಂದೇ ಗಂಟನ್ನು ಕೊಯ್ದ. ಒಂದೊಂದು ಬಿಚ್ಚಿದಾಗಲೂ ಅವಳು "ಹೂಂ, ಬಂತು" ಎನ್ನುತ್ತಿದ್ದಳು.

ಎದ್ದು ಸೆರಗು ಸಿಕ್ಕಿಸಿದಳು. ಪಾತ್ರೆ ತೆಗೆದಳು, ಲೈಟರ್ ತೆಗೆದಳು, ಹಾಲು ಸುರಿದು ಒಲೆ ಹಚ್ಚಿದಳು. ವೆಂಕಟರಮಣ ಬಾಗಿಲಲ್ಲೇ ನಿಂತಿದ್ದ. ಮುಂದೆ ಬಂದರೆ ಬೈಸಿಕೊಳ್ಳುತ್ತೇನೆಂದು ಅವನಿಗೆ ಗೊತ್ತಿತ್ತು. ಬಿಳಿ ಹಾಲು ಅವಳಿಗೆ ಕಾಣುವಂತಿರಲಿಲ್ಲ. ತಲೆ ಓರೆ ಮಾಡಿ ಅದರ ಸದ್ದು ಕೇಳುತ್ತಿದ್ದಳು. ಇಪ್ಪತ್ತು ವರ್ಷ ಹಾಲು ಉಕ್ಕದಂತೆ ಓಡಿಬಂದು ಉರಿ ತಗ್ಗಿಸಿದ ಹೆಂಗಸು ಈಗ ಕೈ ಹಿಂದಕ್ಕಿಟ್ಟು ನಿಂತಳು. ಹಾಲು ಉಕ್ಕಿತು. ಒಲೆಯ ಮೇಲೆ, ಕಟ್ಟೆಯ ಮೇಲೆ, ಕೆಳಗೆ ಅವಳ ಸೀರೆಯ ಅಂಚಿಗೆಲ್ಲ ಸುರಿಯಿತು.

ವೆಂಕಟರಮಣ ಒರೆಸುವ ಬಟ್ಟೆ ಹಿಡಿದು ಬಂದ. ಅವಳು ಅದನ್ನು ಅವನ ಕೈಯಿಂದ ಕಿತ್ತುಕೊಂಡಳು.

"ಬಿಡಿ. ಒರೆಸೋದೂ ನಾನೇ."