ತಲೆ ಕೆಳಗಾಗಿ ಹೇಳಿದ ಪ್ರಾರ್ಥನೆ

ಹಿರಿಯಡ್ಕದ ಹೆಸರು ಈ ಮಳೆಗಾಲ ನನ್ನ ಬಾಯಲ್ಲಿ ಪೂರ್ತಿ ಬರಲಿಲ್ಲ.

ಕಾರ್ಕಳದ ನಮ್ಮ ಮನೆಯ ಜಗಲಿಯಲ್ಲಿ ನಿಂತು ಉಡುಪಿ ಬಸ್ಸಿನ ಕಂಡಕ್ಟರನ ಅಣಕು ಮಾಡುತ್ತಿದ್ದೆ. ಮೂಗಿನಲ್ಲಿ ಎಳೆದು ಒಂದೇ ಉಸಿರಿಗೆ ಊರಿನ ಹೆಸರು ಕೂಗಬೇಕು. ‘ಹಿರಿ’ ಬಂತು. ‘ಅಡ್ಕ’ ಬರಲಿಲ್ಲ. ಎದೆಯೊಳಗೆ ಹಳೆಯ ಹಾರ್ಮೋನಿಯಂ ಸುಯ್ಯೆಂದಿತು. ತಂಗಿ ಸಿಸಿಲಿ ನಗುತ್ತಲೇ ಇದ್ದಳು. ನಾನು ದಮ್ಮಿನ ಮುದುಕನ ಅಣಕಿಗೆ ಇಳಿದಿದ್ದೇನೆ ಎಂದು ಅವಳ ಎಣಿಕೆ.

ಆಮೇಲೆ ಕರವಸ್ತ್ರ ನೋಡಿದಳು.

ರಕ್ತ.

ಕೆಮ್ಮು ನನಗೆ ಹೊಸತಲ್ಲ. ಚಿಕ್ಕಂದಿನಲ್ಲಿ ನಾಯಿಕೆಮ್ಮು ಬಂದು ಹೋದ ಮೇಲೆ ಪ್ರತಿ ಮಳೆಗಾಲಕ್ಕೂ ಜ್ವರ, ಬೋಗುಣಿ ತುಂಬ ಕಫ, ಮೂರು ಮೆಟ್ಟಿಲಿಗೆ ಏದುಸಿರು. ಆದರೆ ರಕ್ತ ಕಂಡ ಕೂಡಲೇ ನೆರೆಯವರು ಕ್ಷಯವೆಂದು ತೀರ್ಮಾನಿಸಿ, ನಮ್ಮ ಬಾವಿಯ ದಾರಿಯನ್ನೇ ಮರೆತರು.

ಉಡುಪಿಯ ಆಸ್ಪತ್ರೆಯಲ್ಲಿ ಎಕ್ಸ್‌ರೇ ನೋಡಿ ಡಾಕ್ಟರು ಹೇಳಿದರು: “ಟಿ.ಬಿ. ಅಲ್ಲ. ಬ್ರಾಂಕಿಯೆಕ್ಟಾಸಿಸ್. ಗಾಳಿ ಹೋಗುವ ಕೊಳವೆಗಳು ಹಿಗ್ಗಿವೆ. ಕಫ ಅಲ್ಲೇ ನಿಂತು ಕೊಳೆಯುತ್ತದೆ.”

“ಗುಣ ಆಗುವುದು ಯಾವಾಗ ಡಾಕ್ಟ್ರೇ?”

“ಪೂರ್ತಿ ಆಗುವುದಿಲ್ಲ. ಆಗಾಗ ಏರುತ್ತದೆ. ಏರದ ಹಾಗೆ ನೋಡಿಕೊಳ್ಳಬೇಕು.”

ಮಳೆಗಾಲದಲ್ಲಿ ಆ ವಾರ್ಡು ನಮ್ಮಂಥವರದೇ. ಹಾಸಿಗೆ ಸಾಲದೆ ವರಾಂಡದಲ್ಲೂ ಮಂಚ ಹಾಕಿದ್ದರು. ಆಕ್ಸಿಜನ್ ಸಿಲಿಂಡರನ್ನು ಒಬ್ಬನ ಬಳಿಯಿಂದ ಇನ್ನೊಬ್ಬನ ಬಳಿಗೆ ಉರುಳಿಸುತ್ತ ನರ್ಸುಗಳ ಸೊಂಟ ಬಿದ್ದುಹೋಗಿತ್ತು. ಪೆನಿಸಿಲಿನ್ ಚುಚ್ಚಿಸಿಕೊಂಡು ಮಲಗಿ ನಾನು ಒಬ್ಬೊಬ್ಬರ ಕೆಮ್ಮನ್ನೂ ಕಲಿತೆ. ಪಕ್ಕದ ಮಂಚದಲ್ಲಿದ್ದ ಕಾಪುವಿನ ಮೀನುಗಾರರೊಬ್ಬರದ್ದು ಮರಳಿನ ಮೇಲೆ ದೋಣಿ ಎಳೆದ ಸದ್ದು. ಅದನ್ನು ಅವರಿಗೇ ಮಾಡಿ ತೋರಿಸಿದೆ.

“ನಿನ್ನದು ಎಂತ ಕೆಮ್ಮು ಮಾರಾಯ,” ಎಂದರು ಅವರು, “ಬೆಕ್ಕಿನ ಗಂಟಲಿಗೆ ಮುಳ್ಳು ಸಿಕ್ಕಿದ ಹಾಗೆ ಉಂಟು.”

ಇಡೀ ಸಾಲು ನಕ್ಕಿತು. ನಗುತ್ತಲೇ ಆ ಮೀನುಗಾರರ ತುಟಿ ನೀಲಿಗಟ್ಟಿತು. ಸಿಲಿಂಡರ್ ಎಳೆದು ತಂದ ಸಿಸ್ಟರ್ ನನಗೆ ಹೇಳಿದ್ದು ಇಷ್ಟೇ: “ನಗುವುದಕ್ಕೂ ಉಸಿರು ಬೇಕಪ್ಪ.”



ರಕ್ತ ನಿಂತ ಮೇಲೆ ಆ ಸಿಸ್ಟರೇ ನನ್ನ ಅಜ್ಜಿಗೆ ಮನೆಯ ಚಿಕಿತ್ಸೆ ಕಲಿಸಿದರು. ನಾನು ಮಂಚದ ಅಂಚಿನಿಂದ ತಲೆ ಕೆಳಗೆ ಮಾಡಿ ಜೋತುಬೀಳಬೇಕು. ಅಜ್ಜಿ ಅಂಗೈ ಬೊಗಸೆ ಮಾಡಿ ಬೆನ್ನು ತಟ್ಟಬೇಕು. ಕಫ ತಾನಾಗಿ ಇಳಿಯುತ್ತದೆ.

“ಎಷ್ಟು ಹೊತ್ತು ಸಿಸ್ಟರ್?” ಅಜ್ಜಿ ಕೇಳಿದಳು. ಮನೆಯಲ್ಲಿ ಗಡಿಯಾರವಿಲ್ಲ.

“ಹತ್ತು ನಮಾನ್ ಮರಿಯೆ ಹೇಳುವಷ್ಟು.”

ನಮ್ಮ ಮನೆಯಲ್ಲಿ ಮುಸ್ಸಂಜೆಗೆ ಜಪಮಾಲೆಯ ಪ್ರಾರ್ಥನೆ. ನಮಾನ್ ಮರಿಯೆ ಎಂದರೆ ಮೇರಿ ಮಾತೆಗೆ ನಮನದ ಪ್ರಾರ್ಥನೆ, ಅಂಥ ಹತ್ತಕ್ಕೆ ಒಂದು ಪಾಲು. ಐದು ಪಾಲು, ಐದು ಮಂದಿ. ಒಬ್ಬೊಬ್ಬರು ಒಂದು ಪಾಲು ಹೇಳಿಕೊಡಬೇಕು, ಉಳಿದವರು ಉತ್ತರ ಕೊಡಬೇಕು. ಮಾತು ಬಂದಾಗಿನಿಂದ ನಾಲ್ಕನೆಯದು ನನ್ನದು. ಆಸ್ಪತ್ರೆಯಿಂದ ಬಂದು ನೋಡಿದರೆ ಅದನ್ನು ಸಿಸಿಲಿಗೆ ಕೊಟ್ಟಿದ್ದರು.

“ನೀನು ಸುಮ್ಮನೆ ಕೇಳು ಪುತಾ,” ಎಂದಳು ಅಮ್ಮ. “ನಡುವೆ ಕೆಮ್ಮು ಬಂದರೆ ಪ್ರಾರ್ಥನೆ ಕೆಡುತ್ತದೆ. ಎದೆಗೂ ಆಯಾಸ.”

“ಎದೆ ನನ್ನದು. ಪಾಲೂ ನನ್ನದು.”

“ಮೊದಲು ಮೆಟ್ಟಿಲು ಹತ್ತಿ ತೋರಿಸು,” ಎಂದಳು ಸಿಸಿಲಿ.

ಕಾಯಿಲೆ ಉಸಿರು ಕಿತ್ತುಕೊಂಡಿತ್ತು. ಮಾತನ್ನು ಮನೆಯವರು ಕಿತ್ತುಕೊಂಡರು, ಅದೂ ಪ್ರೀತಿಯಿಂದ. ಕಾಯಿಲೆಯ ಜೊತೆ ಜಗಳ ಆಡಬಹುದು. ಪ್ರೀತಿಯ ಜೊತೆ ಆಡುವುದು ಹೇಗೆಂದು ಯಾವ ಡಾಕ್ಟರೂ ಬರೆದುಕೊಡುವುದಿಲ್ಲ.

ಇತ್ತ ಅಜ್ಜಿಗೆ ಬೇರೆಯೇ ಸಂಕಟ. ಒಂದೇ ಪಾಲು ಹೇಳಿ ಎದ್ದರೆ ಅರ್ಧ ಪ್ರಾರ್ಥನೆ, ಪಾಪ. ಹಾಗಾಗಿ ಬೆನ್ನು ತಟ್ಟುತ್ತ ಐದು ಪಾಲೂ ಹೇಳಿದಳು. ಮೇಲೆ ಸಂತರ ಹೆಸರುಗಳ ಸಾಲು. ಕೊನೆಗೆ ಕುಟುಂಬದಲ್ಲಿ ಸತ್ತವರಿಗೆಲ್ಲ ಒಂದೊಂದು. ನಮ್ಮಲ್ಲಿ ಸತ್ತವರು ಬಹಳ. ನಾನು ಜೋತುಬಿದ್ದೇ ಇದ್ದೆ. ಮುಖ ಬೀಟ್‌ರೂಟಿನ ಹಾಗೆ ಊದಿತು. ದಿನಾ ಇದೇ ಕತೆ.

ಮುಂದಿನ ಸಲ ಆಸ್ಪತ್ರೆಗೆ ಹೋದಾಗ ಡಾಕ್ಟರು ಇದನ್ನು ಕೇಳಿ ಪೆನ್ನು ಕೆಳಗಿಟ್ಟರು. “ಅಜ್ಜಿ, ಇವನನ್ನು ಬಾವಲಿ ಮಾಡುತ್ತೀರಾ? ಒಂದೇ ಪಾಲು ಸಾಕು.”

“ಯಾವ ಪಾಲು?” ಅಜ್ಜಿ ಕೇಳಿದಳು.

ಡಾಕ್ಟರಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು.

“ನಾಲ್ಕನೆಯದು,” ಎಂದೆ. “ಹೇಳುವುದು ನಾನೇ.”

ಆ ಸಂಜೆ ಮನೆಯವರೆಲ್ಲ ನನ್ನ ಮಂಚದ ಸುತ್ತ ಮೊಣಕಾಲೂರಿದರು. ತಲೆ ಕೆಳಗೆ, ಬೆನ್ನಿನ ಮೇಲೆ ಅಜ್ಜಿಯ ಕೈ. ಶುರು ಮಾಡಿದೆ. ಮೂರನೆಯ ನಮಾನ್ ಮರಿಯೆಯ ನಡುವೆ ಕೆಮ್ಮು ಬಂತು. ಸಿಸಿಲಿ ಮುಂದುವರಿಸಲು ಬಾಯಿ ತೆರೆದಳು.

“ಮುಚ್ಚು,” ಎಂದಳು ಅಜ್ಜಿ. “ಅದು ಅವನದ್ದು.”

ಎಲ್ಲರೂ ಕಾದರು. ನಾನು ಬೋಗುಣಿಗೆ ಉಗುಳಿದೆ. ಬಿಟ್ಟಲ್ಲಿಂದ ಹಿಡಿದೆ. ಮತ್ತೆ ಕೆಮ್ಮು, ಮತ್ತೆ ಕಾದರು. ಹತ್ತನೆಯದು ಮುಗಿಯುವಾಗ ಒಲೆಯ ಮೇಲಿನ ಗಂಜಿ ತಳ ಹಿಡಿದಿತ್ತು. ಅಮ್ಮ ಎದ್ದಿರಲಿಲ್ಲ.

ಈಗ ದಿನಾ ಹಾಗೆಯೇ. ಕಫ ಇಳಿಯುತ್ತದೆ, ಜ್ವರ ಬಿಟ್ಟಿದೆ. ಕೊಳವೆಗಳು ಹಿಗ್ಗಿದ್ದು ಹಿಗ್ಗಿಯೇ ಇವೆ. ಇನ್ನೊಂದು ಮಳೆಗಾಲ ಬರುತ್ತದೆ, ಕಾಯಿಲೆಯೂ ಏರಿಕೊಂಡು ಬರಬಹುದು. ಬರಲಿ, ಬೆನ್ನು ಕೊಡಲು ನಾನಿದ್ದೇನೆ, ತಟ್ಟಲು ಅಜ್ಜಿ ಇದ್ದಾಳೆ.

ಹಿರಿಯಡ್ಕವನ್ನು ಮಾತ್ರ ಇನ್ನೂ ಎರಡು ಉಸಿರಿನಲ್ಲಿ ಕೂಗುತ್ತೇನೆ. ಬಸ್ಸು ಕಾಯಲಿ.