ಕತ್ತಲಾದ ಮೇಲೆ ಬಂದ ಕೂ

ಹನ್ನೊಂದು ವರ್ಷ ನರ್ಸ್ ಆಗಿದ್ದವಳು ನಾನು. ಹೆಣವಿದ್ದ ವಾರ್ಡಿನಲ್ಲಿ ಒಬ್ಬಳೇ ಕೂತು ಚಹಾ ಕುಡಿದಿದ್ದೇನೆ. ಹಾಗಾಗಿ ಇದನ್ನು ನಂಬಿ ಎಂದು ಯಾರ ಕಾಲಿಗೂ ಬೀಳುವುದಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ, ಅಷ್ಟೇ.

ಐರ್ಲೆಂಡಿನಿಂದ ನಾವು ವಾಪಸ್ಸು ಬಂದು ಆಗ ಮೂರು ತಿಂಗಳು. ಗಂಡ ಮಂಜುಗೆ ಸಕಲೇಶಪುರದ ಕಡೆಯ ಹಾನುಬಾಳಿನ ಹತ್ತಿರ ಒಂದು ಎಸ್ಟೇಟಿನಲ್ಲಿ ಮ್ಯಾನೇಜರ್ ಕೆಲಸ, ಇರಲು ಗುಡ್ಡದ ಅಂಚಿನಲ್ಲಿ ಮನೆ. ನಾನು ಮಗ್ಗೆಯವಳು, ಅವನು ಕುಂದೂರಿನವನು. ನಮಗಿದು ಊರಿಗೆ ಬಂದ ಹಾಗೆ. ಆದರೆ ಐರ್ಲೆಂಡಿನಲ್ಲೇ ಹುಟ್ಟಿದ ಎಂಟು ವರ್ಷದ ಮಗಳು ನಿಧಿಗೆ ಇದೇ ಪರದೇಶ.

ಡಬ್ಬಿಯ ಉಪ್ಪು ನೀರಾದರೂ ಅಳು, ಬೀರುವಿನ ಬಟ್ಟೆಗೆ ಬೂಸ್ಟು ಹಿಡಿದರೂ ಅಳು, ಹಲ್ಲಿ ಲೊಚಗುಟ್ಟಿದರೂ ಅಳು. ಎಲ್ಲಕ್ಕಿಂತ ಹೆಚ್ಚು ಕಾಡಿದ್ದು ಕತ್ತಲು. ಅಲ್ಲಿ ಬೇಸಿಗೆಯಲ್ಲಿ ರಾತ್ರಿ ಹತ್ತರವರೆಗೂ ಬೆಳಕಿರುತ್ತಿತ್ತು. ಇಲ್ಲಿ ಆರೂವರೆಗೆ ಬೆಳಕು, ಏಳಕ್ಕೆ ಕಣ್ಣು ಕಾಣದ ಕಪ್ಪು... "ಯಾರು ಆಫ್ ಮಾಡಿದ್ರು?" ಎಂದು ಕೇಳುತ್ತಿದ್ದಳು. ಊಟ ಸೇರುತ್ತಿರಲಿಲ್ಲ. ಮಾತೂ ಕಡಿಮೆಯಾಯಿತು. ಕಿಟಕಿ ಪಕ್ಕ ಕೂತೇ ಇರುತ್ತಿದ್ದಳು. ಇವಳಿಗೊಬ್ಬ ಗೆಳತಿ ಸಿಕ್ಕರೆ ಸಾಕಪ್ಪ ಎಂದು ನನಗೆ ಬೇರೆ ಯೋಚನೆಯೇ ಇರಲಿಲ್ಲ.

ಅವಳನ್ನು ಇಲ್ಲಿ ಮೊದಲು ನಗಿಸಿದವಳು ತೋಟದ ಕೂಲಿಯವರ ಲೈನ್ ಮನೆಯ ಮುದುಕಿ ಸಾಕಮ್ಮ. ತೋಟದಲ್ಲಿ ಕೆಲಸದವರು ದೂರದಿಂದ ಕರೆಯುವುದು 'ಕೂ' ಹಾಕಿ. ಈ ಗುಡ್ಡದಿಂದ ಒಬ್ಬರು ಕೂ ಎಂದರೆ ಆ ಗುಡ್ಡದಿಂದ ಇನ್ನೊಬ್ಬರು ಕೂ ಎನ್ನುತ್ತಾರೆ. ಸಾಕಮ್ಮ ಅದನ್ನು ಕಲಿಸಿ, ಜೊತೆಗೊಂದು ಬುದ್ಧಿಮಾತನ್ನೂ ಹೇಳಿದಳು.

"ಕಪ್ಪಾದ್ಮೇಲೆ ಹಾಕ್ಬ್ಯಾಡ ಮಗ. ಕತ್ಲಲ್ಲಿ ಮನುಷ್ಯರಾದ್ರೆ ಹೆಸ್ರು ಹಿಡ್ದು ಕರೀತಾರೆ. ಬರೀ ಕೂ ಬಂದ್ರೆ ಓ ಅನ್ಬಾರ್ದು."

ನಾನು ನಕ್ಕುಬಿಟ್ಟೆ.

ಅಂದಿನಿಂದ ನಿಧಿ ದಿನಾ ಸಂಜೆ ಹಿತ್ತಿಲಿನಲ್ಲಿ ನಿಂತು ಕೂ ಹಾಕುತ್ತಿದ್ದಳು. ನಾಲ್ಕನೇ ದಿನ ಕಣಿವೆಯ ಆಚೆಯಿಂದ ಉತ್ತರ ಬಂತು. ತೆಳುವಾದ, ಮಗುವಿನ ದನಿ. ನಿಧಿ ಕುಣಿದಾಡಿದಳು. ಆ ರಾತ್ರಿ ಎರಡು ಅಕ್ಕಿರೊಟ್ಟಿ ತಿಂದಳು. ಕತ್ತಲಾದ ಮೇಲೂ ಕೂ ನಡೆಯುತ್ತಿತ್ತು. ಗೊತ್ತಿದ್ದೂ ನಾನು ಸುಮ್ಮನಿದ್ದೆ. ಮಗಳು ಊಟ ಮಾಡುತ್ತಿದ್ದಳಲ್ಲ...

ವಾರದ ನಂತರ ಸಾಕಮ್ಮನನ್ನು ಕೇಳಿದೆ. "ಆಚೆ ಗುಡ್ಡದಲ್ಲಿ ಯಾರ ಮಗು ಇದೆ? ಒಂದಿನ ಮನೆಗೆ ಕರೆಯೋಣ ಅಂತ."

"ಆಚೆ ಗುಡ್ಡದಲ್ಲಾ? ಅಲ್ಲಿ ಯಾರವ್ರೆ ಅಮ್ಮೋರೆ? ಬರೀ ಕಾಡು ಐತೆ. ಆನೆ ಬಿಟ್ರೆ ಯಾರೂ ಇಲ್ಲ."

ನಿಧಿಗೆ ಖಡಾಖಂಡಿತವಾಗಿ ಹೇಳಿದೆ, ಇನ್ನು ಕೂ ಬೇಡ ಎಂದು. ಅತ್ತಳು, ಆದರೆ ಒಪ್ಪಿದಳು.

ಆ ಸಂಜೆ ಮಂಜು ಸಕಲೇಶಪುರಕ್ಕೆ ಹೋಗಿದ್ದ. ಕರೆಂಟೂ ಹೋಗಿತ್ತು. ಏಳು ಗಂಟೆಯಿರಬಹುದು. ಕಣಿವೆಯ ಆಚೆಯಿಂದ ಬಂತು... ಕೂ...

ನಾವಿಬ್ಬರೂ ಅಲ್ಲಾಡಲಿಲ್ಲ.

ಸ್ವಲ್ಪ ಹೊತ್ತಿಗೆ ಕೆಳಗಿನ ಹಳ್ಳದಿಂದ... ಕೂ... ಆಮೇಲೆ ಕಾಫಿ ಒಣಗಿಸುವ ಕಣದಿಂದ. ಜೀರುಂಡೆಗಳ ಸದ್ದು ಒಮ್ಮೆಲೇ ನಿಂತಿತು. ಬಾಗಿಲ ಸಂದಿಯಿಂದ ಕೊಳೆತ ಎಲೆಯ ವಾಸನೆ ಬಂತು. ತರಗೆಲೆಯ ಮೇಲೆ ಹಗುರ ಹೆಜ್ಜೆ... ಹಿತ್ತಿಲ ಬಾಗಿಲ ಆಚೆಗೇ, ಬಹಳ ಮೆಲ್ಲಗೆ... ಕೂ...

"ಅವಳಿಗೆ ಬೇಜಾರಾಗಿದೆ ಅಮ್ಮ," ನಿಧಿ ಪಿಸುಗುಟ್ಟಿದಳು. "ಒಂದೇ ಸಲ ಓ ಅನ್ಲಾ?"

ಅವಳ ಬಾಯಿ ಮುಚ್ಚಿದೆ. ನನ್ನ ಬಾಯಿ ಮುಚ್ಚಿಕೊಳ್ಳುವುದು ಮರೆತೆ. ಹೊತ್ತಲ್ಲದ ಹೊತ್ತಿನಲ್ಲಿ ಬಂದವರನ್ನು ವಾರ್ಡಿನಿಂದ ಕಳಿಸಿ ಕಳಿಸಿ ಅಭ್ಯಾಸವಾದ ನಾಲಿಗೆ. ಗದರುವ ದನಿಯಲ್ಲಿ ಹೇಳಿಬಿಟ್ಟೆ: "ನಿಧಿ ಮಲಗಿದ್ದಾಳೆ. ಹೋಗು."

ಬಳಿಕ ಹೆಜ್ಜೆಗಳು ದೂರ ಹೋದವು. ಹಳ್ಳದ ಕಡೆಯಿಂದ, ಹೊಸ ತಿಂಡಿಯ ರುಚಿ ನೋಡುವ ಮಗುವಿನ ಹಾಗೆ, ಆ ದನಿ ಹೇಳಿತು...

"ನಿಧೀ..."

ಬೆಳಿಗ್ಗೆ ಸಾಕಮ್ಮ ನಡೆದದ್ದನ್ನು ಕೇಳಿದವಳೇ ಮೆಟ್ಟಿಲ ಮೇಲೆ ಕುಕ್ಕರಿಸಿದಳು. "ಹೆಸ್ರು ಕೊಟ್ಬುಟ್ರಾ ಅಮ್ಮೋರೆ?" ಎಂದಳು.

ಈ ಮನೆ ಬೇಡ ಎಂದಾಗ ಮಂಜು ವಾದ ಮಾಡಲಿಲ್ಲ. ಹದಿನೈದು ದಿನದಲ್ಲಿ ಸಕಲೇಶಪುರ ಪೇಟೆಯಲ್ಲಿ ಬಾಡಿಗೆ ಮನೆ ಹಿಡಿದೆವು. ಆ ಹದಿನೈದು ರಾತ್ರಿಗಳ ವಿಷಯ ಬರೆಯಲು ನನಗೆ ಮನಸ್ಸಿಲ್ಲ. ಹೆಸರು ಹಿಡಿದು ಕರೆಯುವ ದನಿಗೆ ಓಗೊಡಬೇಡ ಎಂದು ಎಂಟು ವರ್ಷದ ಮಗುವಿಗೆ ಹೇಗೆ ಹೇಳುವುದು?

ಹೊಸ ಮನೆಯಲ್ಲಿ ಅಕ್ಕಪಕ್ಕ ದೀಪಗಳಿವೆ, ರಾತ್ರಿಯಿಡೀ ಲಾರಿಗಳ ಸದ್ದಿದೆ. ಮೊದಲ ದಿನವೇ ನಿಧಿ ಅಳದೆ ಊಟ ಮಾಡಿದಳು. ನನಗೆ ಎಷ್ಟೋ ದಿನಗಳ ಮೇಲೆ ಉಸಿರು ಬಂದ ಹಾಗಾಯಿತು. ತಲೆ ಬಾಚುತ್ತಾ ಕೇಳಿದೆ, "ಆ ಮನೆ ಬಿಟ್ಟು ಬಂದದ್ದಕ್ಕೆ ಬೇಜಾರಿಲ್ವಾ ಪುಟ್ಟ?"

"ಇಲ್ಲ," ಎಂದಳು. "ಐರ್ಲೆಂಡ್ ಬಿಟ್ಟು ಬರುವಾಗ ನನ್ನ ಫ್ರೆಂಡ್ಸಿಗೆ ಹೇಳೋಕೂ ನೀನು ಬಿಡಲಿಲ್ಲ. ಈ ಸಲ ನಾನು ಅವಳಿಗೆ ಹೇಳಿ ಬಂದಿದೀನಿ. ಈ ಮನೆಗೆ ಬರೋಕೆ ಎಲ್ಲಿ ತಿರುಗಬೇಕು ಅಂತಾನೂ ಹೇಳಿದೀನಿ."

ನನ್ನ ಕೈಯ ಬಾಚಣಿಗೆ ಅಲ್ಲೇ ನಿಂತಿತು.

ಇದನ್ನು ಬರೆಯುವಾಗ ಸಂಜೆ ಆರೂವರೆ. ನಿಧಿ ಹಿಂದಿನ ಬಾಗಿಲ ಹೊಸ್ತಿಲ ಮೇಲೆ ಎರಡು ಬಿಸ್ಕತ್ತು ಇಟ್ಟುಕೊಂಡು ಕೂತಿದ್ದಾಳೆ. ಒಂದನ್ನೂ ಇನ್ನೂ ತಿಂದಿಲ್ಲ. ಒಳಗೆ ಬಾ ಎಂದು ಕರೆಯಬೇಕು... ಆ ದನಿ ಹದಿನೈದು ರಾತ್ರಿ ಕೂಗಿದ ಅವಳ ಹೆಸರು ನನ್ನ ಬಾಯಿಗೆ ಬರುತ್ತಿಲ್ಲ.