ರಿಟ್ರೈ ಸಾಹೇಬರು

ಬೆಳಗಾವಿಯ ನಮ್ಮ ಕಟ್ಟಡ ಕಂಪನಿಯಲ್ಲಿ ಒಬ್ಬ ಮ್ಯಾನೇಜರ್ ಸಾಹೇಬರಿದ್ದರು. ಸಾಫ್ಟ್‌ವೇರಿನಲ್ಲಿ ಒಪ್ಪಿಗೆ ಸಿಗದೆ ಸೈಟಿನ ಯಾವ ಕೆಲಸವೂ ಮುಂದೆ ಹೋಗುತ್ತಿರಲಿಲ್ಲ. ಸಾಫ್ಟ್‌ವೇರು ನಡುವೆ ನಿಂತರೆ ಸಾಹೇಬರು ಕನ್ನಡಕ ಹಣೆಗೇರಿಸಿ, ಮತ್ತೆ ಪ್ರಯತ್ನಿಸುವ 'ರಿಟ್ರೈ' ಗುಂಡಿ ಒತ್ತುತ್ತಿದ್ದರು. "ಒತ್ತಕೋತ ಇರಬೇಕ್ರಿ, ತಾನ ಹೋಗತೈತಿ" ಎನ್ನುತ್ತಿದ್ದರು.

ಒಂದು ಮಧ್ಯಾಹ್ನ ಖಾನಾಪುರದ ಸೈಟಿನಲ್ಲಿ ಸ್ಲ್ಯಾಬಿಗೆಂದು ಬಂದ ಕಾಂಕ್ರೀಟು ಒಪ್ಪಿಗೆಗೆ ಕಾಯುತ್ತ ಲಾರಿಯಲ್ಲೇ ಗಟ್ಟಿಯಾಗತೊಡಗಿತು. ಇಲ್ಲಿ ಆಫೀಸಿನಲ್ಲಿ ಸಾಹೇಬರು ಊಟ ಬಿಟ್ಟು ರಿಟ್ರೈ ಒತ್ತಿಯೇ ಒತ್ತಿದರು. ಕೊನೆಗೆ ಅಲ್ಲಿನ ಎಂಜಿನಿಯರ್ ಮೇಡಂ ಫೋನ್ ಮಾಡಿದರು: "ಸರ್, ಸಾಫ್ಟ್‌ವೇರ್ ಕೆಟ್ಟು ನಿಂತಿಲ್ರಿ. ನಿಮ್ಮ ಒಪ್ಪಿಗಿಗೇ ಕಾಯಾಕತ್ತೈತಿ."

ಸಾಹೇಬರು ಕನ್ನಡಕ ಇಳಿಸಿ ಪರದೆ ನೋಡಿದರು, ಒಪ್ಪಿಗೆ ಕೊಟ್ಟರು. "ಈಗ ಹಾಕಸ್ರಿ" ಎಂದರು.

"ಕಾಂಕ್ರೀಟ ಬಾಜೂಕ ಚೆಲ್ಲಿ ಆತ್ರಿ ಸರ್."

"ಇಷ್ಟ್ಯಾಕ ಅವಸರ ಮಾಡಿದ್ರಿ?" ಎಂದು ಸಾಹೇಬರು ನಿಜಕ್ಕೂ ನೊಂದುಕೊಂಡರು.